ಏಳನೇ ತಾರೀಖು ದಾಟಿದ ಸಂಬಳ

ಕೆಂಗೇರಿ ಉಪನಗರದ ಬಾಡಿಗೆ ಮನೆಗಳಲ್ಲಿ ತಿಂಗಳ ಮೊದಲ ವಾರವೆಂದರೆ ಲೆಕ್ಕಾಚಾರದ ವಾರ. ಬಾಡಿಗೆ, ಸ್ಕೂಲ್ ಫೀಸು, ಗಾಡಿಯ ಇಎಂಐ, ಚೀಟಿಯ ಕಂತು ಎಲ್ಲಕ್ಕೂ ಆಗಲೇ ದುಡ್ಡು ಬೇಕು. ಕುಂಬಳಗೋಡಿನ ಕಾರ್ಖಾನೆಗೋ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೋ ಹೋಗುವವರ ಸಂಬಳ ತಡವಾದರೆ ಕೈಸಾಲವೇ ಗತಿ. ಆ ಸಾಲಕ್ಕೆ ಬಡ್ಡಿಯುಂಟು. ಮಾಲೀಕ ಹಿಡಿದಿಟ್ಟ ಸಂಬಳಕ್ಕೆ ಬಡ್ಡಿಯಿಲ್ಲ. ದುಡಿದವನೇ ದುಡಿಸಿಕೊಂಡವನಿಗೆ ಪುಕ್ಕಟೆ ಸಾಲ ಕೊಟ್ಟಂತಾಯಿತು.

ಈ ಅಂಕಣಕಾರನಿಗೂ ಅದರ ಬಿಸಿ ತಟ್ಟಿದೆ. ಕೆಲಸ ಬಿಟ್ಟ ಮೇಲೆ ಹಳೆಯ ಸಂಸ್ಥೆ ಕೊನೆಯ ತಿಂಗಳ ಸಂಬಳ ಕೊಡದೆ, ‘ಸಾಹೇಬರು ಸೈನ್ ಮಾಡಬೇಕು, ಮುಂದಿನ ವಾರ ನೋಡೋಣ’ ಎಂದು ಸಾಗಹಾಕುತ್ತಿತ್ತು. ಫೋನಿನಲ್ಲಿ ಕೇಳಿದಾಗಲೆಲ್ಲ ಅದೇ ಉತ್ತರ. ದುಡಿದ ದಿನ, ಬರಬೇಕಾದ ಮೊತ್ತ, ಕೊಡಬೇಕಿದ್ದ ತಾರೀಖು ಮೂರನ್ನೂ ಬರೆದು, ಮುಂದೆ ಕಾರ್ಮಿಕ ಅಧಿಕಾರಿಯ ಬಳಿ ಹೋಗುವುದಾಗಿ ಇಮೇಲ್ ಕಳಿಸಿದ ಮೇಲೆ ಹಣ ಖಾತೆಗೆ ಬಿತ್ತು.

ಕಾನೂನು ಈಗ ಮೊದಲಿಗಿಂತ ಹೆಚ್ಚು ಜನರ ಕೈಗೆ ಸಿಗುತ್ತದೆ. 1936ರ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳದವರಿಗಷ್ಟೇ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಆ ಮಿತಿ ಇಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕು. ರಾಜೀನಾಮೆ ಕೊಟ್ಟರೂ ಕೆಲಸದಿಂದ ತೆಗೆದರೂ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ಕಾಂಟ್ರಾಕ್ಟರ್ ಕೈಯೆತ್ತಿದರೆ ಕೆಲಸ ನಡೆದ ಸಂಸ್ಥೆಯ ಮಾಲೀಕನೇ ಹೊಣೆ.

ಬಾಕಿ ಕೇಳಿ ಅರ್ಜಿ ಹಾಕಲು ಮೂರು ವರ್ಷ ಕಾಲಾವಕಾಶವಿದೆ. ಕಾರ್ಮಿಕನೇ ಹಾಕಬಹುದು, ಅವನ ನೋಂದಾಯಿತ ಸಂಘವೂ ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಸಂಬಳ ಕೊಟ್ಟಿದ್ದೇನೆಂದು ಸಾಬೀತು ಮಾಡುವ ಭಾರ ಮಾಲೀಕನ ಮೇಲೆ. ಅಲ್ಲಿ ಕೆಲಸಕ್ಕಿದ್ದುದನ್ನು ತೋರಿಸಲು ಮಾತ್ರ ನೇಮಕಾತಿ ಪತ್ರ, ಪೇ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್, ಐಡಿ ಕಾರ್ಡು, ಸೂಪರ್‌ವೈಸರ್‌ನ ವಾಟ್ಸ್‌ಆ್ಯಪ್ ಸಂದೇಶ ಏನಿದ್ದರೂ ಜೋಪಾನ ಮಾಡಿಕೊಳ್ಳಬೇಕು. ಬಾಕಿ ಕೈಗೆ ಬರುವ ಮುನ್ನ ‘ಎಲ್ಲ ಲೆಕ್ಕ ಮುಗಿದಿದೆ’ ಎಂಬ ಕಾಗದಕ್ಕೆ ಸಹಿ ಹಾಕಕೂಡದು.

ಒಬ್ಬರೇ ಕೇಳಿದರೆ ಸಿಗದ್ದು ಸಂಘವಾಗಿ ಕೇಳಿದರೆ ಸಿಕ್ಕೀತು. 2020ರ ಏಪ್ರಿಲ್‌ನಿಂದ ಕರ್ನಾಟಕದ ಅನೇಕ ಗಾರ್ಮೆಂಟ್ ಕಾರ್ಖಾನೆಗಳು ಕನಿಷ್ಠ ವೇತನದಲ್ಲಿ ಸೇರಬೇಕಿದ್ದ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆಯನ್ನು ಕೊಡಲಿಲ್ಲ. ಮೊತ್ತ ಸಣ್ಣದೆನಿಸಬಹುದು, ಇಪ್ಪತ್ತು ತಿಂಗಳಿಗೆ ಅದು 8,340 ರೂಪಾಯಿ. ಕಾರ್ಮಿಕ ಸಂಘಗಳು ಹೈಕೋರ್ಟ್ ಮೆಟ್ಟಿಲೇರಿದವು, ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡ್‌ಗಳ ಮೇಲೂ ಒತ್ತಡ ಬಿತ್ತು. 2022ರ ಆರಂಭದ ಹೊತ್ತಿಗೆ ದೊಡ್ಡ ಕಾರ್ಖಾನೆಗಳು ಬಾಕಿ ಪಾವತಿಗೆ ಮುಂದಾದವು.

ಕೋಲಾರದ ನರಸಾಪುರದ ಕಥೆ ಬೇರೆ. 2020ರ ಡಿಸೆಂಬರ್ 12ರಂದು ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಸಂಬಳದ ಸಿಟ್ಟು ದೊಂಬಿಗೆ ತಿರುಗಿತು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ವೇತನ ಸಿಕ್ಕಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾಗಿದ್ದರು.

8ನೇ ತಾರೀಖಾದರೂ ಸಂಬಳ ಬಾರದಿದ್ದರೆ ಅಂದೇ ಮಾಲೀಕರಿಗೆ ಬರೆದು ಕೇಳಿ. ಉತ್ತರ ಬಾರದಿದ್ದರೆ ನಿಮ್ಮ ವಲಯದ ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರಾಜ್ಯ ಕಾರ್ಮಿಕ ಇಲಾಖೆಯ ಸಹಾಯವಾಣಿ 155214.