ಬೆಟ್ಟದ ಏಣಿನ ಮೇಲಿನ ಕಲ್ಗೋರಿಗಳು

ಮಸ್ಕತ್‌ನಲ್ಲಿ ನೆಲೆಸಿರುವ ನಮ್ಮವರ ರಜೆಯ ಪ್ರವಾಸ ಸಾಮಾನ್ಯವಾಗಿ ನಿಜ್ವಾ ಕೋಟೆ, ಬಹ್ಲಾ ಕೋಟೆ, ಜೆಬೆಲ್ ಅಖ್ದರ್‌ನ ತಂಪು, ಇಷ್ಟಕ್ಕೇ ಮುಗಿದುಹೋಗುತ್ತದೆ. ಅದೇ ದಾರಿ ಹಿಡಿದು ಇಬ್ರಿಯ ಕಡೆ ಇನ್ನೂ ಮುಂದೆ ಹೋದರೆ, ಹಜರ್ ಬೆಟ್ಟಸಾಲಿನ ಬುಡದಲ್ಲಿ ಸುಮಾರು ಐದು ಸಾವಿರ ವರ್ಷ ಹಿಂದಿನ ಜನ ಬಾಳಿ, ಸತ್ತು, ಕಲ್ಲಿನ ಗೋರಿಗಳಲ್ಲಿ ಸೇರಿಕೊಂಡ ನೆಲ ಸಿಗುತ್ತದೆ. ಅಲ್ಲಿನ ಬಾತ್, ಅಲ್-ಖುತ್ಮ್, ಅಲ್-ಅಯ್ನ್ ಎಂಬ ಮೂರು ತಾಣಗಳನ್ನು ಯುನೆಸ್ಕೊ 1988ರಲ್ಲಿ ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಮ್ಮೆ ನೋಡಿದರೆ ಸಾಕಾಗದೆ ನಾನು ಮತ್ತೆ ಮತ್ತೆ ಹೋದ ಜಾಗ ಇದು.

ಹೋಗುವವರು ಅಲ್-ಅಯ್ನ್‌ನಿಂದ ಶುರುಮಾಡುವುದು ಒಳ್ಳೆಯದು. ಸಣ್ಣದೊಂದು ದಿಬ್ಬದ ಏಣಿನ ಮೇಲೆ ಗೋರಿಗಳು ಸಾಲುಗಟ್ಟಿ ನಿಂತಿವೆ. ಅವುಗಳ ಹಿಂದೆ ಜೆಬೆಲ್ ಮಿಶ್ತ್ ಎಂಬ ಸುಣ್ಣಕಲ್ಲಿನ ಬೆಟ್ಟ ಗೋಡೆಯ ಹಾಗೆ ಎದ್ದಿದೆ. ಬಂದವರು ಕಾರು ನಿಲ್ಲಿಸಿದ್ದೇ ತಡ, ದಿಬ್ಬ ಹತ್ತಿಬಿಡುತ್ತಾರೆ. ನನ್ನ ಮಾತು ಕೇಳುವುದಾದರೆ, ಮೊದಲು ಕೆಳಗೆ ವಾದಿಯಲ್ಲಿ, ಆ ಒಣಹಳ್ಳದ ಗುಂಡುಕಲ್ಲುಗಳ ನಡುವೆ ಸ್ವಲ್ಪ ಹೊತ್ತು ನಿಲ್ಲಿ. ಬದುಕಿದ್ದವರು ಓಡಾಡಿದ್ದು ನೀರಿನ ಹತ್ತಿರ, ತಗ್ಗಿನಲ್ಲಿ. ಅವರು ತಲೆಯೆತ್ತಿದರೆ ಕಾಣುವಂತೆ, ಆಕಾಶಕ್ಕೆ ಎದುರಾಗಿ ಹಿರಿಯರ ಗೋರಿಗಳಿದ್ದವು. ಈ ನೆಲ, ಈ ನೀರು ನಮ್ಮ ಮನೆತನದ್ದು ಎಂದು ದಾರಿಹೋಕರಿಗೆ ಸಾರುವ ಗುರುತೂ ಅವೇ ಆಗಿದ್ದಿರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ನೇರವಾಗಿ ಮೇಲೆ ಹತ್ತಿದವರಿಗೆ ಗೋರಿ ಕಾಣುತ್ತದೆ, ಅದನ್ನು ಅಲ್ಲೇ ಯಾಕೆ ಕಟ್ಟಿದರು ಎಂಬುದು ಕಾಣುವುದಿಲ್ಲ.

ಆಮೇಲೆ ಹತ್ತಿರ ಹೋಗಿ ಕಟ್ಟಡ ನೋಡಿ. ಗಾರೆ ಇಲ್ಲ, ಮಣ್ಣಿನ ಮೆತ್ತುಗೆಯೂ ಇಲ್ಲ. ಚಪ್ಪಟೆ ಕಲ್ಲಿನ ಮೇಲೆ ಚಪ್ಪಟೆ ಕಲ್ಲು ಇಟ್ಟು, ಮೇಲೆ ಹೋದಂತೆ ಒಳಕ್ಕೆ ಸರಿಸುತ್ತಾ ಜೇನುಗೂಡಿನ ಆಕಾರ ತಂದಿದ್ದಾರೆ. ಬುಡದಲ್ಲಿ, ಬಗ್ಗಿ ತೆವಳಿದರಷ್ಟೇ ಒಳಹೋಗಬಹುದಾದ ಸಣ್ಣ ಬಾಗಿಲು. ಒಂದು ಸಲ ನಮ್ಮ ಜೊತೆ ಬಂದಿದ್ದ ಸ್ನೇಹಿತರ ಮಗ ಗೋರಿಯ ಪಕ್ಕ ಬಿದ್ದಿದ್ದ ಕಲ್ಲೊಂದನ್ನು ಆಟಕ್ಕೆ ಎತ್ತಿಕೊಂಡ. ನಾನು ಹೇಳಿದೆ: "ಪುಟ್ಟಾ, ಅದು ಎಲ್ಲಿತ್ತೋ ಅಲ್ಲೇ ಇಡಪ್ಪ. ಗೋಡೆ ಯಾವ ಕಡೆಗೆ ಬಿತ್ತು ಅಂತ ತಿಳಿದವರು ಅದನ್ನ ನೋಡಿಯೇ ಹೇಳೋದು." ಬಿದ್ದ ಕಲ್ಲೂ ಸಾಕ್ಷಿಯೇ. ಮರಳುಗಾಡಿನಲ್ಲಿ ಗಿಡಗಂಟಿ ಮುಚ್ಚುವುದಿಲ್ಲ, ಮಳೆಯೂ ಅಪರೂಪ. ಇಷ್ಟು ಕಾಲ ಉಳಿದುಬಂದದ್ದನ್ನು ಈಗ ಕೆಡಿಸಬಲ್ಲದ್ದು ಮನುಷ್ಯರ ಕೈ ಕಾಲುಗಳೇ.

ಅಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಬಾತ್ ಬೇರೆಯೇ ಪಾಠ ಕಲಿಸುತ್ತದೆ. ಏಣುಗಳ ಮೇಲಿನ ಒರಟುಕಲ್ಲಿನ ಗೋರಿಗಳು ಕ್ರಿ.ಪೂ. 3000ದ ಆಸುಪಾಸಿನವು. ಕೆಳಗಿನ ಬಯಲಿನಲ್ಲಿರುವ ಅಗಲವಾದ ದುಂಡು ಗೋರಿಗಳು ಅವಕ್ಕಿಂತ ಕೆಲವು ಶತಮಾನ ಈಚಿನವು. ಅವುಗಳ ಹೊರಮೈಗೆ ನಯವಾಗಿ ಕೆತ್ತಿದ ಬಿಳಿ ಸುಣ್ಣಕಲ್ಲು. ಮೊದಲಿನವುಗಳಲ್ಲಿ ಬೆರಳೆಣಿಕೆಯ ಜನ, ಎರಡನೆಯವುಗಳಲ್ಲಿ ತಲೆಮಾರುಗಳ ಕಾಲ ಸತ್ತವರೆಲ್ಲ ಒಟ್ಟಿಗೆ. ಚಿಕ್ಕ ಮನೆತನಗಳ ಬದುಕು ದೊಡ್ಡ ಊರಿನ ಬದುಕಾದ ಕಥೆಯನ್ನು ನಡೆದೇ ಓದಬಹುದು. ಇಲ್ಲಿ ಸುಮಾರು ಇಪ್ಪತ್ತು ಮೀಟರ್ ಅಗಲದ ದುಂಡು ಕಟ್ಟಡಗಳ ಬುಡವೂ ಇದೆ. ಬುರುಜು ಎನ್ನುತ್ತಾರೆ. ಇಂಥ ಹಲವು ಬುರುಜುಗಳ ಒಳಗೆ, ನಟ್ಟನಡುವೆ ಬಾವಿಗಳು ಸಿಕ್ಕಿವೆ. ಅವು ರಕ್ಷಣೆಗೋ, ನೀರಿನ ಹತೋಟಿಗೋ ಎಂಬ ಚರ್ಚೆ ವಿದ್ವಾಂಸರಲ್ಲಿ ಮುಗಿದಿಲ್ಲ. ಪಕ್ಕದಲ್ಲೇ ಇಂದಿನ ಹಳ್ಳಿಯ ಖರ್ಜೂರದ ತೋಟಗಳಿವೆ. ನೀರಿದ್ದ ಕಡೆಯೇ ಜನ ಇಂದಿಗೂ ಇದ್ದಾರೆ.

ಈ ಬಂಜರು ಬೆಟ್ಟಗಳಲ್ಲಿ ಅಷ್ಟೊಂದು ಕಟ್ಟುವ ಸಿರಿ ಎಲ್ಲಿಂದ ಬಂತು? ಒಂದು ಉತ್ತರ ತಾಮ್ರ. ಹಜರ್ ಸಾಲಿನ ದೊಡ್ಡ ಭಾಗ ಒಂದು ಕಾಲದಲ್ಲಿ ಸಮುದ್ರತಳದ ಬಂಡೆ. ಅದು ಭೂಮಿಯ ಮೇಲಕ್ಕೆ ತಳ್ಳಿಸಿಕೊಂಡು ಬಂದಾಗ ಒಳಗಿನ ತಾಮ್ರದ ಅದಿರೂ ಮೇಲೆ ಬಂತು. ಮೆಸೊಪೊಟೇಮಿಯದ ಬರಹಗಳಲ್ಲಿ ತಾಮ್ರಕ್ಕೆ ಹೆಸರಾದ ಮಾಗನ್ ಈ ಸೀಮೆಯೇ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮೆಲುಹ್ಹ, ಮಾಗನ್, ದಿಲ್ಮುನ್‌ಗಳ ಹಡಗುಗಳು ತನ್ನ ಅಕ್ಕಾದ್ ನಗರದ ಕಟ್ಟೆಗೆ ಬಂದು ನಿಲ್ಲುತ್ತವೆ ಎಂದು ದೊರೆ ಸಾರ್ಗನ್ ಹೆಮ್ಮೆಯಿಂದ ಕೊರೆಸಿದ್ದ. ಆ ಮೆಲುಹ್ಹ ಸಿಂಧೂ ಕಣಿವೆ ಎಂದು ಬಹುಮಂದಿ ಒಪ್ಪುತ್ತಾರೆ. ಒಮಾನಿನ ಪೂರ್ವ ಕರಾವಳಿಯ ರಾಸ್ ಅಲ್-ಜಿನ್ಜ್‌ನಲ್ಲಿ ಹರಪ್ಪದ ಲಿಪಿಯಿರುವ ಮಡಕೆಯ ಚೂರು ಸಿಕ್ಕಿದೆ. ಸಂಪಾದನೆಗೆಂದು ಸಮುದ್ರ ದಾಟಿದ ಮೊದಲಿಗರು ನಾವೇ ಎಂದುಕೊಂಡಿದ್ದ ನನಗೆ ಇದನ್ನು ತಿಳಿದ ಮೇಲೆ ಈ ದೇಶ ಇನ್ನಷ್ಟು ಹತ್ತಿರವಾಯಿತು.

ಹೋಗುವುದಾದರೆ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಕುಡಿಯುವ ನೀರನ್ನು ಬೇಕೆನಿಸಿದ್ದಕ್ಕಿಂತ ಹೆಚ್ಚೇ ಒಯ್ಯಿರಿ. ಗೋರಿಗಳ ಬಳಿ ನೆರಳಿಲ್ಲ. ಬೆಟ್ಟದ ಕಡೆ ಮೋಡ ಕಟ್ಟಿದ್ದರೆ ವಾದಿಗೆ ಇಳಿಯಬೇಡಿ, ಎಲ್ಲೋ ಸುರಿದ ಮಳೆ ಇಲ್ಲಿ ಹಠಾತ್ತನೆ ಪ್ರವಾಹವಾಗಿ ಬರುತ್ತದೆ. ಬೆಳಿಗ್ಗೆ ಹೋಗಿ ರಾತ್ರಿ ಮರಳುವ ಅವಸರ ಬಿಟ್ಟು ಇಬ್ರಿಯಲ್ಲಿ ಒಂದು ರಾತ್ರಿ ಉಳಿದುಕೊಳ್ಳಿ. ನಡುಮಧ್ಯಾಹ್ನದ ಬೆಳಕಿನಲ್ಲಿ ಕಲ್ಲಿಗೂ ನೆಲಕ್ಕೂ ಒಂದೇ ಬಣ್ಣ. ದೂರದ ಏಣುಗಳ ಮೇಲಿನ ಗೋರಿಗಳನ್ನು ಗುರುತಿಸಲು ಇಳಿಬಿಸಿಲೇ ಬೇಕು.