ಹೆಸರು ಫ್ರೆಂಚ್, ಒಳಗಿರುವುದು ಈರುಳ್ಳಿ



ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಮಕ್ಕಳ ಪುಸ್ತಕ ತೆರೆದು ನೋಡಿ, ತುಂಬಾ ಫ್ರೆಂಚ್ ಹೆಸರುಗಳೇ. 'ಅದೆಲ್ಲ ದೊಡ್ಡವರ ಊಟ, ನಮಗ್ಯಾಕೆ' ಅಂತ ಮುಚ್ಚಿಡಬೇಡಿ. ಫ್ರಾನ್ಸಿನ ಹೋಟೆಲ್ ಪಟ್ಟಿಯಲ್ಲಿರುವ ಎಷ್ಟೋ ಅಡುಗೆ ಬಡವರ ಒಲೆಯಿಂದಲೇ ಬಂದದ್ದು.

ಮೊದಲು ಪಟ್ಟಿಯ ಕ್ರಮ. 'ಆಂತ್ರೇ' ಅಂದರೆ ಮೊದಲು ಬರುವ ಸಣ್ಣ ತಿನಿಸು, 'ಪ್ಲಾ' ಮುಖ್ಯ ಊಟ, 'ದೆಸೇರ್' ಸಿಹಿ. 'ಪ್ಲಾ ದ್ಯು ಜೂರ್' ಎಂದಿದ್ದರೆ ಇವತ್ತಿನ ವಿಶೇಷ. ಊಟದ ಜೊತೆ ಕೊಡುವ ಬ್ರೆಡ್ಡಿಗೂ ನಲ್ಲಿ ನೀರಿಗೂ ಅಲ್ಲಿ ಬೇರೆ ದುಡ್ಡಿಲ್ಲ.

'ಸೂಪ್ ಆ ಲೊನ್ಯೋಂ' ಅಂದರೆ ಈರುಳ್ಳಿ ಸಾರು. ಈರುಳ್ಳಿಯನ್ನು ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಂದು ಬಣ್ಣ ಬರುವ ತನಕ ಹುರಿಯಬೇಕು, ಅವಸರ ಮಾಡಿದರೆ ಕೆಟ್ಟಿತು! ಮೇಲೆ ಒಣ ಬ್ರೆಡ್ಡು, ಚೀಸ್. ಆದರೆ ಒಳಗಿನ ಸಾರು ಸಾಮಾನ್ಯವಾಗಿ ದನದ ಮೂಳೆ ಬೇಯಿಸಿದ್ದು. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೇವೆ, ಮಾಂಸ ತಿನ್ನದವರು ಕೇಳಿಯೇ ತಿನ್ನಬೇಕು. 'ಬಫ್' ದನದ ಮಾಂಸ, 'ಪೋರ್' ಹಂದಿ, 'ಪುಲೇ' ಕೋಳಿ, 'ಪ್ವಾಸೋಂ' ಮೀನು. 'ತಾರ್ತಾರ್' ಅಂತ ಇದ್ದರೆ ಬೇಯಿಸದ ಹಸಿ ಮಾಂಸ ಅಥವಾ ಮೀನು, ಮರೆಯಬೇಡಿ.

'ರಾತಾತೂಯ್' ಬದನೆ, ಟೊಮೆಟೊ, ದಪ್ಪ ಮೆಣಸಿನಕಾಯಿಯ ಪಲ್ಯದಂಥದ್ದು, ಆಲಿವ್ ಎಣ್ಣೆಯಲ್ಲಿ. 'ಕ್ರೇಪ್' ತೆಳು ದೋಸೆಯೇ ಸರಿ, ಆದರೆ ಮೈದಾ, ಹಾಲು, ಮೊಟ್ಟೆಯದು. 'ಕೋಕ್ ಓ ವ್ಯಾಂ' ಎಂದರೆ ವೈನಿನಲ್ಲಿ ಬೇಯಿಸಿದ ಹುಂಜ. ಬಲಿತ ಹುಂಜದ ಗಟ್ಟಿ ಮಾಂಸ ಮೆತ್ತಗಾಗಲು ಈ ಉಪಾಯ. 'ಬುಯಾಬೇಸ್' ಮಾರ್ಸೇ ಬಂದರಿನ ಮೀನುಗಾರರು ಮಾರಾಟವಾಗದೆ ಉಳಿದ ಮೀನಿಂದ ಮಾಡುತ್ತಿದ್ದ ಸಾರು. ಈಗ ಅದರ ಬೆಲೆ ಕೇಳಿದರೆ ಆ ಮೀನುಗಾರರೇ ಬೆಚ್ಚಿಬೀಳುತ್ತಿದ್ದರು!

ಇನ್ನು ಒಬ್ಬ ಹೆಂಗಸಿನ ಕಥೆ ಹೇಳಲೇಬೇಕು. ಯೂಜೆನಿ ಬ್ರಾಜಿಯೇ 1895ರಲ್ಲಿ ಬಡ ರೈತರ ಮನೆಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ತಾಯಿಯನ್ನು ಕಳಕೊಂಡು ಹೊಲಮನೆಗಳಲ್ಲಿ ದುಡಿದರು. ಮದುವೆಯಾಗದೆ ಮಗುವಾಯಿತು. ಲಿಯೋನ್ ನಗರಕ್ಕೆ ಬಂದು ಮನೆಗೆಲಸಕ್ಕೆ ಸೇರಿದರು, ಅಡುಗೆ ಕಲಿತರು, 1921ರಲ್ಲಿ ಸ್ವಂತ ಸಣ್ಣ ಹೋಟೆಲು ತೆರೆದರು. 1933ರಲ್ಲಿ ಮಿಶೆಲಿನ್ ಕೈಪಿಡಿ ಅವರ ಎರಡು ಹೋಟೆಲುಗಳಿಗೂ ಮೂರು ಮೂರು ನಕ್ಷತ್ರ ಕೊಟ್ಟಿತು. ಅಲ್ಲಿಯವರೆಗೆ ಗಂಡಸರಿಗೂ ಆರು ನಕ್ಷತ್ರ ಸಿಕ್ಕಿರಲಿಲ್ಲ! ಅವರ ಹೆಸರಾದ ಅಡುಗೆ 'ಅರ್ಧ ಶೋಕದ ಕೋಳಿ': ಬಿಳಿ ಕೋಳಿಯ ಚರ್ಮದಡಿ ಕಪ್ಪು ಅಣಬೆಯ ತೆಳು ಬಿಲ್ಲೆಗಳನ್ನಿಟ್ಟು ಬೇಯಿಸುವುದು, ಬಿಳಿಯೊಳಗೆ ಕಪ್ಪು ಕಾಣುವುದಕ್ಕೆ ಆ ಹೆಸರು.