ಮಳೆಯ ಲೆಕ್ಕ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿರುವ ಬಳ್ಳಿಗಾವಿಯು ಒಂದು ಕಾಲಕ್ಕೆ ಬನವಾಸಿ ನಾಡಿನ ರಾಜಧಾನಿಯಾಗಿ ಮೆರೆದ ಊರು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ವಿದ್ಯಾಕೇಂದ್ರವನ್ನು ಶಾಸನಗಳು ಕೋಡಿಯ ಮಠವೆಂದು ಕರೆದಿವೆ. ವೇದ, ವ್ಯಾಕರಣ, ತರ್ಕಗಳ ಪಾಠ ಅಲ್ಲಿ ನಡೆಯುತ್ತಿದ್ದುದನ್ನೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನೂ 1162ರ ಶಾಸನವು ವರ್ಣಿಸುತ್ತದೆ. ಕೋಡಿ ಎಂದರೆ ತುಂಬಿದ ಕೆರೆಯಿಂದ ಹೆಚ್ಚಿನ ನೀರು ಹೊರಹರಿಯುವ ತಾಣ. ಅಷ್ಟು ದೊಡ್ಡ ವಿದ್ಯಾಪೀಠಕ್ಕೂ ಕೆರೆಯ ಕೋಡಿಯೇ ಗುರುತಾಯಿತೆಂಬುದು, ಈ ನಾಡಿನ ಬಾಳು ಮಳೆನೀರನ್ನು ಎಷ್ಟು ನೆಚ್ಚಿತ್ತೆಂಬುದನ್ನು ಸೂಚಿಸುತ್ತದೆ.

ಕೆರೆ ಕೋಡಿ ಬಿದ್ದಿತೆಂದರೆ ಆ ವರ್ಷದ ಗದ್ದೆಗೆ ಭಯವಿಲ್ಲ. ಆದರೆ ಬಿದ್ದ ಮಳೆ ಎಷ್ಟೆಂಬುದನ್ನು ಕೋಡಿ ತಿಳಿಸಲಾರದು. ರೈತರು ಹೇಳುವ 'ಒಂದು ಹದ ಮಳೆ'ಯೂ ನೆಲವನ್ನು ನೋಡಿ ಆಡುವ ಮಾತು. ಕೆಂಪು ನೆಲದ ಹದವೇ ಬೇರೆ, ಎರೆಯ ಹದವೇ ಬೇರೆ. ಅಂಗಳದ ಒರಳು ತುಂಬಿತೆಂದು ಲೆಕ್ಕ ಹಾಕಿದರೂ ತಪ್ಪುವುದು. ಒರಳಿನ ಬಾಯಿ ಅಗಲ, ತಳ ಕಿರಿದು; ಆದುದರಿಂದ ಅದರಲ್ಲಿ ನಿಂತ ನೀರಿನ ಆಳವು ಬಿದ್ದ ಮಳೆಗಿಂತ ಹೆಚ್ಚಾಗಿ ಕಾಣುತ್ತದೆ. ನೆಟ್ಟಗೆ ನಿಂತ ಗೋಡೆಯುಳ್ಳ ಪಾತ್ರೆಯಾದರೆ ಬಾಯಿ ಚಿಕ್ಕದಿರಲಿ ದೊಡ್ಡದಿರಲಿ, ನೀರಿನ ಆಳ ಒಂದೇ. ಮಳೆಯನ್ನು ಅಳೆಯುವ ವಿದ್ಯೆಯೆಲ್ಲ ನಿಂತಿರುವುದು ಈ ಸರಳವಾದ ಸತ್ಯದ ಮೇಲೆ.

ಈ ವಿದ್ಯೆ ಭಾರತಕ್ಕೆ ಹೊಸದಲ್ಲ. ಉಗ್ರಾಣದ ಮುಂದೆ ಒಂದು ಮೊಳ ಅಗಲದ ಬಾಯಿಯುಳ್ಳ ಕುಂಡವನ್ನಿಟ್ಟು ಮಳೆಯನ್ನು ಅಳೆಯಬೇಕೆಂದೂ, ಮಳೆಯ ಪ್ರಮಾಣವನ್ನು ಅರಿತು ಹೆಚ್ಚು ನೀರಿನ ಅಥವಾ ಕಡಿಮೆ ನೀರಿನ ಬೆಳೆಯನ್ನು ಬಿತ್ತಿಸಬೇಕೆಂದೂ ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸಿದೆ. ಕೊರಿಯಾ ದೇಶದಲ್ಲಿ ದೊರೆ ಸೆಜೊಂಗನ ಆಳ್ವಿಕೆಯಲ್ಲಿ, 1441ರ ಸುಮಾರಿಗೆ, ಒಂದೇ ಅಳತೆಯ ಮಳೆಮಾಪಕಗಳು ಬಳಕೆಗೆ ಬಂದವು. ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದುದು 1875ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ, ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳ ವೀಕ್ಷಣಾಲಯಗಳ ದಾಖಲೆಗಳು 1893ರಿಂದ ಗ್ರಂಥರೂಪದಲ್ಲಿ ಪ್ರಕಟವಾಗತೊಡಗಿದವು.

ಸಾಮಾನ್ಯ ಮಳೆಮಾಪಕವನ್ನು ನೋಡಿದವರಿಗೆ ಇದರಲ್ಲೇನು ವಿಶೇಷವೆನಿಸಬಹುದು. ಮೇಲೊಂದು ಆಲಿಕೆ, ಕೆಳಗೊಂದು ಸೀಸೆ, ಜೊತೆಗೆ ಗೆರೆ ಹಾಕಿದ ಅಳತೆಗಾಜು, ಇಷ್ಟೆ. ಆದರೂ ಪ್ರತಿಯೊಂದು ಭಾಗಕ್ಕೂ ಕಾರಣವುಂಟು. ಅಂಚಿನ ಮೇಲೆ ಬಿದ್ದ ಹನಿ ಸರಿಯಾಗಿ ಸೀಳಲೆಂದು ಆಲಿಕೆಯ ಅಂಚನ್ನು ಹರಿತವಾಗಿ ಮಾಡಿರುತ್ತಾರೆ. ನೆಲದಿಂದ ಸಿಡಿದ ನೀರು ಒಳಗೆ ಬೀಳದಂತೆ ಅಂಚು 30 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ನೀರು ಆವಿಯಾಗದಿರಲೆಂದು ಆಲಿಕೆಯ ಕೊಳವೆ ಕಿರಿದು. ಹತ್ತಿರದ ಮರವಾಗಲಿ ಕಟ್ಟಡವಾಗಲಿ ತನ್ನ ಎತ್ತರದ ಇಮ್ಮಡಿ ದೂರದಲ್ಲಾದರೂ ಇರಬೇಕು. ಪ್ರತಿದಿನ ಬೆಳಗ್ಗೆ 8 ಗಂಟೆ 30 ನಿಮಿಷಕ್ಕೆ ನೀರನ್ನು ಅಳೆದು ಬರೆಯುತ್ತಾರೆ.

ಒಂದು ಮಿಲಿಮೀಟರ್ ಮಳೆ ಅತ್ಯಲ್ಪವೆಂದು ತೋರುತ್ತದೆ. ಆದರೆ ಅದು ಒಂದು ಹೆಕ್ಟೇರ್ ನೆಲದ ಮೇಲೆ ಬಿದ್ದರೆ 10,000 ಲೀಟರ್ ನೀರಾಗುತ್ತದೆ. ನೂರು ಹೆಕ್ಟೇರ್ ಜಲಾನಯನವುಳ್ಳ ಕೆರೆಯ ಮೇಲ್ಭಾಗದಲ್ಲಿ 50 ಮಿಲಿಮೀಟರ್ ಮಳೆಯಾದರೆ ಅಲ್ಲಿ ಬಿದ್ದ ನೀರು ಐದು ಕೋಟಿ ಲೀಟರ್! ಇದು ಇಡೀ ದಿನ ಜಿನುಗಿದರೆ ಬಹುಪಾಲನ್ನು ನೆಲ ಹೀರಿಕೊಳ್ಳುವುದು. ಒಂದೇ ಗಂಟೆಯಲ್ಲಿ ಸುರಿದರೆ ಏರಿಗೆ ಅಪಾಯ. ದಿನಕ್ಕೊಮ್ಮೆ ಅಳೆಯುವ ಮಾಪಕವು ಈ ಎರಡು ಮಳೆಗಳಿಗೂ ಒಂದೇ ಅಂಕಿಯನ್ನು ಕೊಡುತ್ತದೆ. ಸ್ವಯಂಲೇಖಿ ಮಾಪಕದಲ್ಲಾದರೋ ನೀರು ಏರಿದಂತೆ ತೇಲುಬುರುಡೆಯೊಂದು ಮೇಲೇರಿ, ಗಡಿಯಾರದಂತೆ ತಿರುಗುವ ಉರುಳೆಯ ಕಾಗದದ ಮೇಲೆ ಲೇಖನಿಯಿಂದ ಗೆರೆ ಎಳೆಯುತ್ತದೆ. ಗೆರೆ ಕಡಿದಾಗಿ ಏರಿದ್ದರೆ ಬಿರುಮಳೆ, ಓರೆಯಾಗಿದ್ದರೆ ಸೋನೆ, ಮಟ್ಟವಾಗಿದ್ದರೆ ಹೊಳವು.

ತಾಪವನ್ನೂ ತೇವಾಂಶವನ್ನೂ ಅಳೆಯುವ ತಾಪಮಾಪಕಗಳು ಬಿಸಿಲು ತಾಗದಂತೆ, ಗಾಳಿ ಆಡುವಂತೆ, ಬಿಳಿಯ ಬಣ್ಣದ ಸ್ಟೀವನ್‌ಸನ್ ಪೆಟ್ಟಿಗೆಯಲ್ಲಿರುತ್ತವೆ. ಗಾಳಿಯ ವೇಗ, ದಿಕ್ಕು, ಒತ್ತಡಗಳಿಗೂ ಬೇರೆ ಬೇರೆ ಉಪಕರಣಗಳುಂಟು. ಬಳ್ಳಿಗಾವಿಯಂಥ ಸೀಮೆಗೆ ಮಾತ್ರ ಮಳೆಮಾಪಕವೇ ಮುಖ್ಯ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಸೊರಬದಿಂದ ಶಿಕಾರಿಪುರದತ್ತ ಪೂರ್ವಕ್ಕೆ ಸಾಗಿದಂತೆ ಮಳೆ ಇಳಿಯುತ್ತದೆ. ಮಲೆನಾಡಿನ ಅಂಚಿನ ಇಂಥ ಸೀಮೆಯಲ್ಲಿ ಒಂದು ಊರಿನ ಅಂಕಿಯನ್ನು ಪಕ್ಕದ ಊರಿಗೆ ಹೊಂದಿಸುವುದು ನ್ಯಾಯವಲ್ಲ.

ಇದನ್ನರಿತೇ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಾಪಕಗಳನ್ನು ನೆಟ್ಟಿತು. 1988ರಲ್ಲಿ ಬರ ಪರಿವೀಕ್ಷಣೆಗಾಗಿ ಆರಂಭವಾದ ಸಂಸ್ಥೆಯಿದು. ಅಡಿಕೆ, ಕಾಳುಮೆಣಸುಗಳಂಥ ಬೆಳೆಗಳ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರವನ್ನು ನಿರ್ಧರಿಸುವುದು ಮಾಪಕದ ಅಂಕಿಯೇ. ಆಲಿಕೆಗೆ ಒಂದು ಒಣಗಿದ ಎಲೆಯೋ ಜೇಡರಬಲೆಯೋ ಅಡ್ಡವಾದರೆ ಸುರಿದ ಮಳೆ ಲೆಕ್ಕಕ್ಕೆ ಸಿಗದು. ಅತಿವೃಷ್ಟಿಯಿಂದ ತೋಟ ಕೊಳೆತರೂ ಕಾಗದದಲ್ಲಿ ಅದು ಸಾಧಾರಣ ಮಳೆಯ ದಿನವಾಗಿಯೇ ಉಳಿಯುತ್ತದೆ.

ಆದುದರಿಂದಲೇ ದಾಖಲೆ ಬರೆಯುವವರಿಗೆ ಒಂದು ಕಟ್ಟುನಿಟ್ಟುಂಟು. ಅಳೆಯದೆ ಬಿಟ್ಟ ದಿನದ ಎದುರಿಗೆ ಸೊನ್ನೆ ಬರೆಯಬಾರದು. ಸೊನ್ನೆ ಎಂದರೆ ನೋಡಿದೆನು, ಮಳೆ ಬಿದ್ದಿರಲಿಲ್ಲ ಎಂದರ್ಥ. ಆ ದಿನದ ಮನೆಯನ್ನು ಬರಿದಾಗಿಯೇ ಬಿಟ್ಟು, ಮರುದಿನ ಅಳೆದ ನೀರು ಎರಡು ದಿನಗಳದೆಂದು ಪಕ್ಕದಲ್ಲಿ ಸ್ಪಷ್ಟವಾಗಿ ಬರೆದಿಡಬೇಕು.